ಸೇತುವೆ ಕೆಳಗಿನ ರಾಕ್ಷಸನೂ ನಮ್ಮ ರಾವಣನೂ

ಸಿಯಾಟಲ್ಲಿಗೆ ನೆಂಟರು ಬಂದರೆ ಅವರನ್ನು ನಮ್ಮ ಫ್ರೀಮಾಂಟಿಗೆ ಕರೆತಂದು ತೋರಿಸಲೇಬೇಕಾದ ಒಂದು ರಾಕ್ಷಸ ವಿಗ್ರಹವಿದೆ. ಅರೋರಾ ಸೇತುವೆಯ ಬುಡದಲ್ಲಿ ಎದೆಮಟ್ಟ ಮಣ್ಣಿನಲ್ಲಿ ಹೂತು ಕುಳಿತ ಒಕ್ಕಣ್ಣಿನ ಟ್ರೋಲ್ ಅದು. ಎತ್ತರ 18 ಅಡಿ. ಎಡಗೈಯಲ್ಲಿ ಒಂದು ನಿಜವಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಅಮುಕಿ ಹಿಡಿದಿದ್ದಾನೆ. ಸೇತುವೆಯ ಕೆಳಗಿನ ಜಾಗ ಕಸ ಸುರಿಯುವವರ, ಮಾದಕ ವ್ಯಸನಿಗಳ ತಾಣವಾಗಿದ್ದಾಗ ಅದನ್ನು ಸುಧಾರಿಸಲೆಂದು ಫ್ರೀಮಾಂಟ್ ಆರ್ಟ್ಸ್ ಕೌನ್ಸಿಲ್ ಏರ್ಪಡಿಸಿದ ಸ್ಪರ್ಧೆಯಲ್ಲಿ ಗೆದ್ದ ನಾಲ್ವರು ಕಲಾವಿದರು 1990ರಲ್ಲಿ ಇವನನ್ನು ಕಟ್ಟಿದರು. 2005ರಲ್ಲಿ ಅವನೆದುರಿನ ರಸ್ತೆಗೇ 'ಟ್ರೋಲ್ ಅವೆನ್ಯೂ' ಎಂದು ನಾಮಕರಣವಾಯಿತು. ಸೇತುವೆ ದಾಟುವ ಮೇಕೆಗಳನ್ನು ತಿನ್ನಲು ಹೊಂಚು ಹಾಕುತ್ತಿದ್ದ ನಾರ್ವೆಯ ಕಥೆಯ ದುಷ್ಟ, ಇಲ್ಲಿ ಮಕ್ಕಳು ಮೂಗಿನ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಮಾಮನಾಗಿಬಿಟ್ಟಿದ್ದಾನೆ!

ಪಕ್ಕದ ಬ್ಯಾಲಾರ್ಡಿನಲ್ಲಿ ಸ್ಕ್ಯಾಂಡಿನೇವಿಯಾದಿಂದ ಬಂದವರು ನೂರು ವರ್ಷಕ್ಕೂ ಹಿಂದೆಯೇ ನೆಲೆಸಿದ್ದರು. ವಲಸೆ ಬರುವವರು ತಮ್ಮ ದೇವರುಗಳನ್ನಷ್ಟೇ ಅಲ್ಲ, ರಾಕ್ಷಸರನ್ನೂ ಗಂಟುಮೂಟೆಯಲ್ಲಿ ಕಟ್ಟಿಕೊಂಡು ಬರುತ್ತಾರೆ. ನಾವೇನು ಕಡಿಮೆಯೇ? ಚಾಮುಂಡಿ ಬೆಟ್ಟದ ಮೇಲೆ ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಸರ್ಪ ಹಿಡಿದು ನಿಂತ ಮಹಿಷಾಸುರನ ಮುಂದೆ ಫೋಟೋ ತೆಗೆಸಿಕೊಳ್ಳದ ಮೈಸೂರು ಪ್ರವಾಸ ಯಾವುದಿದೆ? ಕೊಂದದ್ದು ದೇವಿಯಾದರೂ ಊರಿಗೆ ಹೆಸರು ಬಂದದ್ದು ಅವನಿಂದಲೇ ಎನ್ನುತ್ತದೆ ಐತಿಹ್ಯ.

ಆದರೆ ರಾಕ್ಷಸನನ್ನು ಮುದ್ದಿನ ಗೊಂಬೆ ಮಾಡಿಕೊಳ್ಳುವುದು ಒಂದು, ರಾಕ್ಷಸನೇ ಒಳಗಿನಿಂದ ಬದಲಾಗುವುದು ಇನ್ನೊಂದು. ಈ ಲೇಖನ ಎರಡನೆಯದರ ಬಗ್ಗೆ.

ಒಳ್ಳೆಯವನಾದ ಪಿಶಾಚಿ

ಇಲ್ಲಿನ ಲೈಬ್ರರಿಗಳ ಹದಿಹರೆಯದವರ ವಿಭಾಗಕ್ಕೆ ಹೋಗಿ ನೋಡಿ. ಕಪ್ಪು ರಕ್ಷಾಪುಟದ, ಐದಾರು ಭಾಗಗಳ ಕಥಾಸರಣಿಗಳು ಸಾಲಾಗಿ ನಿಂತಿರುತ್ತವೆ. ಹೆಸರು ಬೇರೆಯಾದರೂ ಹೂರಣ ಬಹುಮಟ್ಟಿಗೆ ಒಂದೇ. ನೂರಾರು ವರ್ಷ ಪಾಪ ಮಾಡಿದ ಒಬ್ಬ ಪಿಶಾಚಿಯೋ, ರಕ್ತಪಿಪಾಸುವೋ, ನರಕದಿಂದ ಓಡಿಬಂದ ಸುಂದರಾಂಗನೋ ಇರುತ್ತಾನೆ. ಹೈಸ್ಕೂಲಿನ ಒಬ್ಬ ಹುಡುಗಿ ಅವನ ಕಣ್ಣಿನಾಳದ ನೋವನ್ನು ಕಾಣುತ್ತಾಳೆ. ಅವಳ ಪ್ರೀತಿಯಿಂದ ಅವನು ಸುಧಾರಿಸುತ್ತಾನೆ. 1997ರಲ್ಲಿ ಶುರುವಾದ 'ಬಫಿ' ಟೀವಿ ಸರಣಿಯ ಏಂಜೆಲ್ ಎಂಬ ರಕ್ತಪಿಪಾಸುವಿಗೆ ಆತ್ಮವನ್ನು ಮರಳಿಸಿದ್ದು ಒಂದು ಶಾಪ, ಪಶ್ಚಾತ್ತಾಪದಲ್ಲಿ ಬೇಯಲೆಂದು! ಅವನ ಪ್ರಾಯಶ್ಚಿತ್ತವೇ 1999ರಿಂದ 2004ರವರೆಗೆ ಇನ್ನೊಂದು ಸರಣಿಯಾಗಿ ಓಡಿತು. 2005ರಲ್ಲಿ ಬಂದ ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್' ಅಂತೂ ನಮ್ಮದೇ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಮಳೆಯೂರಿನಲ್ಲಿ ನಡೆಯುವ ಕಥೆ. ಅದರ ನಾಯಕನ ಕುಟುಂಬ ಮನುಷ್ಯರ ರಕ್ತ ಬಿಟ್ಟು ಬರೀ ಪ್ರಾಣಿಗಳ ರಕ್ತ ಕುಡಿಯುತ್ತದೆ. ಅದಕ್ಕೇ ತಮ್ಮನ್ನು 'ಸಸ್ಯಾಹಾರಿಗಳು' ಎಂದು ಕರೆದುಕೊಳ್ಳುತ್ತಾರೆ. ನಮ್ಮ ಅಜ್ಜಿಯರು ಕೇಳಿದ್ದರೆ ಏನನ್ನುತ್ತಿದ್ದರೋ!

ನಗುವುದು ಸುಲಭ. ಆದರೆ ಹದಿನಾರು ವರ್ಷದ ಮಗಳಿರುವ ನನ್ನಂಥ ಅಪ್ಪಂದಿರಿಗೆ ಈ ಕಥೆಗಳಲ್ಲಿ ಒಂದು ಸಣ್ಣ ಮುಳ್ಳು ಕಾಣಿಸುತ್ತದೆ. ಕೆಟ್ಟವನು ಒಳ್ಳೆಯವನಾಗಬಲ್ಲ ಎಂಬುದು ಒಳ್ಳೆಯ ಮಾತೇ. ಆದರೆ ಅವನನ್ನು ಒಳ್ಳೆಯವನನ್ನಾಗಿ ಮಾಡುವ ಕೆಲಸ ಒಬ್ಬ ಹುಡುಗಿಯದು, ಅವಳು ಸಾಕಷ್ಟು ಪ್ರೀತಿಸಿದರೆ ಸಾಕು ಎಂಬ ಮಾತು? ಆ ಸುಧಾರಣೆಗೆ ಬಹುಮಾನ ಅವಳೇ ಎಂಬ ಮಾತು? ಇದನ್ನೇ ಯೋಚಿಸುತ್ತಿದ್ದಾಗ ನೆನಪಾದದ್ದು ನಮ್ಮ ರಾವಣ. ರಾಕ್ಷಸನ ಉದ್ಧಾರದ ಪ್ರಶ್ನೆಯನ್ನು ಕನ್ನಡ ಒಂಬೈನೂರು ವರ್ಷಗಳಿಂದ ಬಿಡದೆ ಕೇಳಿಕೊಂಡು ಬಂದಿದೆ. ಮತ್ತು ನಮ್ಮ ಕವಿಗಳು ಕೊಟ್ಟ ಉತ್ತರ ಫೋರ್ಕ್ಸಿನ ಉತ್ತರಕ್ಕೆ ಸರಿಯಾಗಿ ತದ್ವಿರುದ್ಧವಾಗಿದೆ.

ನಾಗಚಂದ್ರನ ರಾವಣ

ಸುಮಾರು ಕ್ರಿ.ಶ. 1100ರ ಆಸುಪಾಸಿನಲ್ಲಿದ್ದ ಜೈನ ಕವಿ ನಾಗಚಂದ್ರ ತನ್ನನ್ನು 'ಅಭಿನವ ಪಂಪ' ಎಂದು ಕರೆದುಕೊಂಡವನು. ಅವನ 'ರಾಮಚಂದ್ರಚರಿತ ಪುರಾಣ'ವನ್ನೇ ನಾವು ಪಂಪ ರಾಮಾಯಣ ಎನ್ನುವುದು. ಪ್ರಾಕೃತದಲ್ಲಿ ವಿಮಲಸೂರಿ ಬರೆದ 'ಪಉಮಚರಿಯ'ದ ಹಾದಿ ಇವನದು.

ಈ ಪರಂಪರೆಯಲ್ಲಿ ರಾಕ್ಷಸರು ಮನುಷ್ಯರನ್ನು ತಿನ್ನುವ ಕೋರೆಹಲ್ಲಿನವರಲ್ಲ. 'ರಾಕ್ಷಸ' ಎಂಬುದು ವಿದ್ಯಾಧರರ ಒಂದು ವಂಶದ ಹೆಸರು, ಅಷ್ಟೆ. ವಾನರರೂ ಹಾಗೆಯೇ, ಕಪಿಧ್ವಜದವರು. ರಾವಣನಿಗೆ ಹತ್ತು ತಲೆಗಳೂ ಇಲ್ಲ. ಎಳೆಗೂಸಾಗಿದ್ದಾಗ ಅವನ ಕೊರಳಿನ ಹಾರದ ರತ್ನಗಳಲ್ಲಿ ಒಂಬತ್ತು ಮುಖಗಳು ಪ್ರತಿಬಿಂಬಿಸಿ ದಶಮುಖನೆಂಬ ಹೆಸರು ಬಂತು. ಒಂದೇ ಏಟಿಗೆ ಕವಿ ರಾಕ್ಷಸನನ್ನು ಮನುಷ್ಯನನ್ನಾಗಿ ಮಾಡಿಬಿಟ್ಟ. ಇನ್ನು ಅವನು ಕೆಟ್ಟದ್ದು ಮಾಡಿದರೆ ಹುಟ್ಟಿನ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ!

ಈ ರಾವಣ ಶೂರ, ವಿದ್ಯಾವಂತ, ಜಿನಭಕ್ತ. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲ ಎಂದು ವ್ರತ ತೊಟ್ಟವನು. ನಳಕೂಬರನ ಹೆಂಡತಿ ಉಪರಂಭೆ ತಾನಾಗಿಯೇ ಒಲಿದು ಬಂದಾಗ ಅವಳಿಗೆ ಬುದ್ಧಿ ಹೇಳಿ ಗಂಡನ ಬಳಿಗೇ ಕಳಿಸಿದವನು. ಅಂಥವನು ಸೀತೆಯನ್ನು ಕಂಡಾಗ ಜಾರುತ್ತಾನೆ. ಒಳ್ಳೆಯವನೊಬ್ಬ ಒಂದು ಗಳಿಗೆಯಲ್ಲಿ ಕೆಟ್ಟು, ಆ ಕೆಟ್ಟದ್ದಕ್ಕೆ ಅಂಟಿಕೊಂಡೇ ಉಳಿದ ಕಥೆ ಇದು.

ನಂತರ ಬರುವುದೇ ನಮಗೆ ಬೇಕಾದ ಪ್ರಸಂಗ. ಯುದ್ಧ ನಡೆಯುತ್ತಿದೆ. ರಾವಣ ಬಸದಿಯಲ್ಲಿ ಕುಳಿತು ಬಹುರೂಪಿಣೀ ವಿದ್ಯೆಯನ್ನು ಸಾಧಿಸಿದ್ದಾನೆ. ಆ ಹಮ್ಮಿನಲ್ಲಿ ಸೀತೆಯ ಬಳಿಗೆ ಬಂದು, ಇನ್ನು ರಾಮನ ಕಥೆ ಮುಗಿಯಿತು ಎನ್ನುತ್ತಾನೆ. ಸೀತೆ ತನ್ನ ಜೀವಕ್ಕಾಗಿ ಬೇಡುವುದಿಲ್ಲ. ರಾಮನ ಪ್ರಾಣಕ್ಕೆ ಕೇಡು ಬಗೆಯಬೇಡ ಎಂದು ಹೇಳುತ್ತಲೇ ಮೂರ್ಛೆ ಹೋಗುತ್ತಾಳೆ. ಅದನ್ನು ಕಂಡ ಕ್ಷಣದಲ್ಲಿ ರಾವಣನ ಮನಸ್ಸು ತಿರುಗುತ್ತದೆ. ಇಂಥ ದಂಪತಿಗಳನ್ನು ಅಗಲಿಸಿದೆನಲ್ಲ, ತಮ್ಮನ ಹಿತವಚನ ಕೇಳದೆ ಹೋದೆನಲ್ಲ, ಕುಲಕ್ಕೆ ಮಸಿ ಬಳಿದೆನಲ್ಲ ಎಂದು ಮರುಗುತ್ತಾನೆ. ಸೀತೆಯ ಮೇಲಿನ ಆಸೆ ಅಲ್ಲೇ ಉದುರಿಹೋಗುತ್ತದೆ.

ಗಮನಿಸಿ: ಸೀತೆ ಇಲ್ಲಿ ಅವನನ್ನು ಸುಧಾರಿಸಲು ಹೊರಟಿಲ್ಲ. ಅವನ ಕಣ್ಣಿನಾಳದ ನೋವನ್ನು ನೋಡಿಲ್ಲ. ಅವಳ ಮನಸ್ಸಿನಲ್ಲಿ ಅವನಿಗೆ ಜಾಗವೇ ಇಲ್ಲ. ಆ ಜಾಗವಿಲ್ಲ ಎಂಬ ಸತ್ಯ ಕೊನೆಗೂ ಅರ್ಥವಾದದ್ದೇ ಅವನ ಪರಿವರ್ತನೆ. ಅವಳನ್ನು ಪಡೆದುದರಿಂದ ಅಲ್ಲ, ಬಿಟ್ಟುದರಿಂದ ಅವನು ಮನುಷ್ಯನಾಗುತ್ತಾನೆ.

ಸರಿ, ಮನಸ್ಸು ತಿರುಗಿತಲ್ಲ, ಸೀತೆಯನ್ನು ಈಗಲೇ ಒಪ್ಪಿಸಿ ಯುದ್ಧ ನಿಲ್ಲಿಸಬಹುದಲ್ಲ? ಇಲ್ಲ! ನಾಗಚಂದ್ರನ ಪ್ರತಿಭೆ ಇರುವುದೇ ಇಲ್ಲಿ. ಈಗ ಒಪ್ಪಿಸಿದರೆ ಹೆದರಿ ಕೊಟ್ಟನೆಂದು ಜಗತ್ತು ನಕ್ಕೀತು ಎಂದು ರಾವಣ ಯೋಚಿಸುತ್ತಾನೆ. ನಾಳೆ ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು, ಆಮೇಲೆ ಸೀತೆಯನ್ನು ಗೌರವದಿಂದ ಕೊಡುತ್ತೇನೆ ಎಂದು ನಿಶ್ಚಯಿಸುತ್ತಾನೆ. ಕಾಮ ಬಿಟ್ಟಿತು, ಅಭಿಮಾನ ಬಿಡಲಿಲ್ಲ. ತಪ್ಪು ತಿದ್ದಿಕೊಳ್ಳುವುದನ್ನು ಒಂದು ದಿನ ಮುಂದೆ ಹಾಕಿದ, ಅಷ್ಟೇ. ಆ 'ನಾಳೆ' ಅವನನ್ನು ಕೊಂದಿತು. ಜೈನ ರಾಮಾಯಣದಲ್ಲಿ ಅವನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಕೊಲ್ಲುವ ಆಯುಧ ರಾವಣನದೇ ಚಕ್ರರತ್ನ. ಅವನು ಎಸೆದದ್ದು ಲಕ್ಷ್ಮಣನ ಕೈಸೇರಿ ಅವನಿಗೇ ತಿರುಗುತ್ತದೆ.

ಬಿ.ಎಂ.ಶ್ರೀ. ಅವರಿಗೆ ಈ ರಾವಣನಲ್ಲಿ ಗ್ರೀಕ್ ದುರಂತ ನಾಟಕಗಳ ನಾಯಕ ಕಂಡ. ಈ ರಾವಣನ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಲೇಖನದ ಹೆಸರೇ 'ಎ ಟ್ರ್ಯಾಜಿಕ್ ರಾವಣ'. ಗ್ರೀಕರಿಂದ ನಾಟಕಗಳನ್ನು ಕನ್ನಡಕ್ಕೆ ತಂದ ಕೈಯೇ, ಗ್ರೀಕರಲ್ಲಿರುವುದು ನಮ್ಮ ಹಳಗನ್ನಡದಲ್ಲೂ ಇದೆ ಎಂದು ತೋರಿಸಿತು.

ಕಥೆ ಸಾವಿಗೆ ಮುಗಿಯುವುದಿಲ್ಲ. ಜೈನ ಪುರಾಣ ಪರಂಪರೆಯ ಪ್ರಕಾರ ರಾವಣ ನರಕಕ್ಕೆ ಹೋಗುತ್ತಾನೆ. ಪಶ್ಚಾತ್ತಾಪ ಪಟ್ಟನೆಂದು ಲೆಕ್ಕದ ಪುಸ್ತಕದಿಂದ ಅವನ ಕರ್ಮವನ್ನು ಯಾರೂ ಅಳಿಸುವುದಿಲ್ಲ. ಆದರೆ ನರಕ ಶಾಶ್ವತವೂ ಅಲ್ಲ. ಎಷ್ಟೋ ಜನ್ಮಗಳ ಆಚೆ ಈ ರಾವಣನ ಜೀವ ತೀರ್ಥಂಕರನಾಗುತ್ತದೆ, ಆಗ ಸೀತೆಯ ಜೀವ ಅವನಿಗೆ ಗಣಧರ, ಅಂದರೆ ಮುಖ್ಯ ಶಿಷ್ಯ! ಕದ್ದವನೂ ಕದಿಯಲ್ಪಟ್ಟವಳೂ ಕೊನೆಗೆ ಗುರುಶಿಷ್ಯರು. ಇದಕ್ಕಿಂತ ದೂರದ ಉದ್ಧಾರ ಇನ್ನಾವ ಸಾಹಿತ್ಯದಲ್ಲಿದೆಯೋ ನನಗೆ ಗೊತ್ತಿಲ್ಲ.

ಶಾಪದ ದಾರಿ, ಸೀನಿನ ದಾರಿ

ವೈಷ್ಣವ ಭಕ್ತಿಯ ದಾರಿ ಬೇರೆ. ನಮ್ಮಲ್ಲಿ ಹೆಚ್ಚಿನವರು ಬಾಲ್ಯದಲ್ಲಿ ಕೇಳಿದ್ದು ಇದನ್ನೇ. ವೈಕುಂಠದ ಬಾಗಿಲು ಕಾಯುವ ಜಯವಿಜಯರಿಗೆ ಸನಕಾದಿಗಳ ಶಾಪ. ಭಕ್ತರಾಗಿ ಹಲವು ಜನ್ಮ ಕಾಯುವುದಕ್ಕಿಂತ ವೈರಿಗಳಾಗಿ ಮೂರೇ ಜನ್ಮದಲ್ಲಿ ಹಿಂತಿರುಗುವುದೇ ಲೇಸೆಂದು ಅವರು ಹಿರಣ್ಯಾಕ್ಷ ಹಿರಣ್ಯಕಶಿಪುಗಳಾಗಿ, ರಾವಣ ಕುಂಭಕರ್ಣರಾಗಿ, ಶಿಶುಪಾಲ ದಂತವಕ್ತ್ರರಾಗಿ ಹುಟ್ಟಿದರು. ಸುಮಾರು 1500ರ ಕಾಲದ ಕುಮಾರ ವಾಲ್ಮೀಕಿಯ ತೊರವೆ ರಾಮಾಯಣ ಈ ಭಕ್ತಿಯ ವಾತಾವರಣದಲ್ಲೇ ಬೆಳೆದದ್ದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳನ್ನು ಇಂದಿಗೂ ಆಡುವ ಯಕ್ಷಗಾನದಲ್ಲೂ, ಮುಖಕ್ಕೆ ಚಿಟ್ಟಿ ಇಟ್ಟು ಅಬ್ಬರಿಸುವ ಬಣ್ಣದ ವೇಷಕ್ಕೆ ದೇವರ ಕೈಯ ಸಾವೇ ಮೋಕ್ಷ.

ಈ ದಾರಿ ಸೊಗಸಾದುದು, ಉದಾರವಾದುದು. ಆದರೆ ಇಲ್ಲಿ ರಾಕ್ಷಸ ಬದಲಾಗುವುದಿಲ್ಲ. ಹಾಕಿದ್ದ ವೇಷ ಕಳಚುತ್ತಾನೆ. ಮೊದಲೇ ಬರೆದಿಟ್ಟ ಪ್ರೋಗ್ರಾಮು ಓಡಿ ಮುಗಿದಂತೆ. (ವೃತ್ತಿಯ ಭಾಷೆ ಬಂದುಬಿಟ್ಟಿತು, ಕ್ಷಮಿಸಿ.) ಪಶ್ಚಾತ್ತಾಪಕ್ಕೆ ಇಲ್ಲಿ ಹೆಚ್ಚು ಕೆಲಸವಿಲ್ಲ.

ಇನ್ನು ಜನಪದರ ದಾರಿ. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಹೇಳಿದ, ನಮ್ಮೆಲ್ಲರಿಗಿಂತ ಮೊದಲಿನ 'ಅನಿವಾಸಿ' ಎ.ಕೆ.ರಾಮಾನುಜನ್ ಅವರ 'ಮುನ್ನೂರು ರಾಮಾಯಣಗಳು' ಪ್ರಬಂಧ 1991ರಲ್ಲಿ ಅಚ್ಚಾಯಿತು. ಅದರಲ್ಲಿ ರಾಮೇಗೌಡರು ಸಂಗ್ರಹಿಸಿದ, ದಲಿತ ಗಾಯಕನೊಬ್ಬ ಹಾಡಿದ ಕನ್ನಡದ ಕಥೆಯೊಂದು ಬರುತ್ತದೆ. ಅಲ್ಲಿ ರಾವಣನ ಹೆಸರು ರಾವುಳ. ಮಕ್ಕಳಿಲ್ಲದ ಅವನಿಗೆ ಶಿವ ಒಂದು ಮಾವಿನಹಣ್ಣು ಕೊಟ್ಟಾಗ, ತಿರುಳು ಹೆಂಡತಿಗೆ, ಓಟೆ ನನಗೆ ಎಂದು ಅವನೇ ಮಾತು ಕೊಡುತ್ತಾನೆ. ಆಸೆಬುರುಕ ರಾವುಳ ತಿರುಳನ್ನು ತಾನೇ ತಿಂದು, ತಾನೇ ಬಸುರಾಗುತ್ತಾನೆ! ದಿನಕ್ಕೊಂದು ತಿಂಗಳಿನಂತೆ ಒಂಬತ್ತು ದಿನಕ್ಕೆ ನವಮಾಸ ತುಂಬಿ, ಅವನು ಸೀನಿದಾಗ ಹೆಣ್ಣುಮಗು ಹೊರಬರುತ್ತದೆ. ಸೀತದ್ದರಿಂದ ಹುಟ್ಟಿದವಳು ಸೀತೆ. ಈ ಶ್ಲೇಷೆ ಕನ್ನಡದಲ್ಲಲ್ಲದೆ ಬೇರೆಲ್ಲಿ ಸಾಧ್ಯ?

ನಗು ಬಂದ ಮೇಲೆ ಸ್ವಲ್ಪ ನಿಂತು ಯೋಚಿಸಿ. ಇಲ್ಲಿ ರಾವಣ ಸೀತೆಯ ಅಪ್ಪ ಮಾತ್ರವಲ್ಲ, ಹೆತ್ತ ತಾಯಿ. ಸೀತೆ ರಾವಣನ ಮಗಳೆಂಬ ಕಥೆ ಜೈನ ಪರಂಪರೆಯ ಇನ್ನೊಂದು ಕವಲಾದ ಗುಣಭದ್ರನ ಉತ್ತರಪುರಾಣದಲ್ಲೂ ಇದೆ. ಆದರೆ ಬಸುರು ಹೊತ್ತು ಹೆತ್ತವನೆಂದದ್ದು ನಮ್ಮ ಜನಪದರು. ಹೆತ್ತವನಿಗೆ ಆ ಹೆಣ್ಣಿನ ಮೇಲಿನ ಆಸೆ ಎಂಥ ಅಸಂಗತ, ಎಂಥ ಘೋರ ಎಂದು ಉಪದೇಶವಿಲ್ಲದೆಯೇ ಹೇಳಿಬಿಟ್ಟರು.

ಕುವೆಂಪು ತಿರುಗಿಸಿದ ಸಂಬಂಧ

ಈ ಎಲ್ಲ ಹೊಳೆಗಳೂ ಬಂದು ಸೇರುವ ಕಡಲು 'ಶ್ರೀ ರಾಮಾಯಣ ದರ್ಶನಂ'. ಕುವೆಂಪು ಇದನ್ನು 1936ರಲ್ಲಿ ಬರೆಯತೊಡಗಿದರು. ಒಂಬತ್ತು ವರ್ಷಗಳ ತಪಸ್ಸು. ಪ್ರಕಟವಾದದ್ದು 1949ರಲ್ಲಿ. 22,000ಕ್ಕೂ ಹೆಚ್ಚು ಸಾಲುಗಳು, ನಾಲ್ಕು ಸಂಪುಟ, ಐವತ್ತು ಸಂಚಿಕೆ. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ರ ಸಾಲಿಗೆ ಜ್ಞಾನಪೀಠ ಇದಕ್ಕೇ ಬಂದವು. ಕೃತಿಯನ್ನು ಅರ್ಪಿಸಿದ್ದು ಗುರು ಟಿ.ಎಸ್.ವೆಂಕಣ್ಣಯ್ಯನವರಿಗೆ. ಬಿ.ಎಂ.ಶ್ರೀ., ವೆಂಕಣ್ಣಯ್ಯನವರ ಮೈಸೂರಿನಲ್ಲಿ ಬೆಳೆದ ಕುವೆಂಪು ಅವರಿಗೆ ನಾಗಚಂದ್ರನ ರಾವಣ ಅಪರಿಚಿತನಲ್ಲ. ಶೂರ್ಪನಖಿಗೆ ಅವರು ಚಂದ್ರನಖಿ ಎಂಬ ಜೈನ ರಾಮಾಯಣದ ಹೆಸರನ್ನೇ ಇಟ್ಟಿದ್ದಾರೆ.

ಈ ಕಾವ್ಯದಲ್ಲಿ 'ದಶಾನನ ಸ್ವಪ್ನಸಿದ್ಧಿ' ಎಂಬ ಸಂಚಿಕೆಯಿದೆ. ಸೀತೆಯನ್ನು ಪಡೆಯುವ ಹಟದಲ್ಲಿದ್ದ ರಾವಣನಿಗೆ ಕನಸೊಂದು ಬೀಳುತ್ತದೆ. ಆ ಕನಸಿನ ಕೊನೆಯಲ್ಲಿ ಅವನೂ ತಮ್ಮ ಕುಂಭಕರ್ಣನೂ ಎಳೆಯ ಕೂಸುಗಳಾಗಿದ್ದಾರೆ, ಅವರನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಸೀತೆ. ಅವಳ ಅಪ್ಪುಗೆಗಾಗಿ ಲಂಕೆಯನ್ನೇ ಪಣಕ್ಕಿಟ್ಟವನಿಗೆ ಅಪ್ಪುಗೆ ಸಿಗುತ್ತದೆ, ಮಗುವಾಗಿ! ಎಚ್ಚರವಾದಾಗ ಅವನು ಮೊದಲಿನ ರಾವಣನಲ್ಲ. ಹಾಗೆಂದು ಯುದ್ಧವೂ ನಿಲ್ಲುವುದಿಲ್ಲ, ಸಾವೂ ತಪ್ಪುವುದಿಲ್ಲ.

ಜನಪದದಲ್ಲಿ ರಾವಣ ಹೆತ್ತವನು, ಸೀತೆ ಮಗಳು. ಕುವೆಂಪು ಅವರಲ್ಲಿ ಸೀತೆ ತಾಯಿ, ರಾವಣ ಮಗು. ಜೈನ ಪುರಾಣದಲ್ಲಿ ಗುರು ಮತ್ತು ಶಿಷ್ಯೆ. ಮೂರೂ ಕಡೆ ಉದ್ಧಾರದ ಕೀಲಿಕೈ ಒಂದೇ: ಸಂಬಂಧ ಬದಲಾಗಬೇಕು. ಬಯಸಿದವಳನ್ನು ಬಯಸಿದಂತೆಯೇ ಪಡೆದು ಯಾವ ರಾಕ್ಷಸನೂ ನಮ್ಮಲ್ಲಿ ಉದ್ಧಾರವಾಗಿಲ್ಲ.

ಇನ್ನೂ ಒಂದು ಮಾತು. ಕುವೆಂಪು ಉದ್ಧಾರವನ್ನು ರಾಕ್ಷಸನೊಬ್ಬನಿಗೆ ಮೀಸಲಿಡಲಿಲ್ಲ. ಎಲ್ಲರ ಬೈಗುಳಕ್ಕೆ ತುತ್ತಾದ ಮಂಥರೆಗೂ ಒಂದು ಸಂಚಿಕೆ ಕೊಟ್ಟು, ಅದಕ್ಕೆ 'ಮಮತೆಯ ಸುಳಿ ಮಂಥರೆ' ಎಂದು ಹೆಸರಿಟ್ಟರು. ಕೊನೆಗೆ ಸೀತೆಯ ಅಗ್ನಿಪರೀಕ್ಷೆ ಬಂದಾಗ ಸೀತೆಯೊಂದಿಗೆ ರಾಮನೂ ಬೆಂಕಿಯನ್ನು ಹೊಕ್ಕು ಬರುತ್ತಾನೆ. ರಾವಣ ಬದಲಾಗಬೇಕಾದರೆ, ಅವನನ್ನು ಗೆದ್ದವನೂ ಪರೀಕ್ಷೆಗೆ ಒಳಗಾಗಬೇಕು. ಎಷ್ಟು ದೊಡ್ಡ ಮನಸ್ಸಿನ ಮಾತು ಇದು!

ಒಂದು ತಕರಾರು

ಇದನ್ನೆಲ್ಲ ಮನೆಯಲ್ಲಿ ಉತ್ಸಾಹದಿಂದ ಹೇಳುತ್ತಿದ್ದಾಗ ಮಗಳು ಕೇಳಿದ ಪ್ರಶ್ನೆ ಸುಲಭದ್ದಲ್ಲ. "ಅಪ್ಪಾ, ಅವಳು ಗರ್ಲ್‌ಫ್ರೆಂಡ್ ಆಗಿ ಅವನನ್ನು ಸರಿಮಾಡೋದು ತಪ್ಪು ಅಂತೀಯ. ಅಮ್ಮನಾಗಿ ಸರಿಮಾಡಿದ್ರೆ ಪರವಾಗಿಲ್ವಾ? ಎರಡರಲ್ಲೂ ಕೆಲಸ ಸೀತೇದೇ ಅಲ್ವಾ?"

ಪ್ರಶ್ನೆ ಸರಿಯಾಗಿಯೇ ಇದೆ. ಕುವೆಂಪು ಅವರ ಸೀತೆಯ ತಪಸ್ಸಿಗೆ ಲಂಕೆಯನ್ನೇ ಬದಲಿಸುವ ಶಕ್ತಿಯಿದೆ. ಅಷ್ಟರಮಟ್ಟಿಗೆ ಭಾರವನ್ನು ಮತ್ತೆ ಹೆಣ್ಣಿನ ಹೆಗಲ ಮೇಲೇ ಇಟ್ಟಂತಾಯಿತು ಎಂದು ಯಾರಾದರೂ ಅಂದರೆ ನಾನು ಅಡ್ಡಬರುವುದಿಲ್ಲ. ಹೆಣ್ಣನ್ನು ತಾಯಿಯೆಂದು ಪೂಜಿಸಿ ಕೆಲಸವನ್ನೆಲ್ಲ ಅವಳಿಗೇ ಬಿಡುವುದು ನಮ್ಮವರಿಗೆ ಹೊಸದೂ ಅಲ್ಲ.

ಆದರೂ ಒಂದು ವ್ಯತ್ಯಾಸವಿದೆ. ಆ ಕನಸನ್ನು ಕಂಡವನು ರಾವಣ. ಸೀತೆ ಆಗ ಅಶೋಕವನದಲ್ಲಿ ತನ್ನ ರಾಮನ ದಾರಿ ಕಾಯುತ್ತಿದ್ದಾಳೆ. ಅವನನ್ನು ತಿದ್ದಲು ಅವಳು ಅವನ ಬಳಿ ಹೋಗಲಿಲ್ಲ. ತನ್ನ ಪ್ರೀತಿಯಲ್ಲಿ ಒಂದು ಕಾಳಿನಷ್ಟನ್ನೂ ಅವನಿಗೆ ಲಂಚವಾಗಿ ಕೊಡಲಿಲ್ಲ. ಬದಲಾಗುವ ಕೆಲಸ ನಡೆದದ್ದು ಅವನ ತಲೆಯೊಳಗೆ, ಅದರ ಬೆಲೆ ತೆತ್ತವನೂ ಅವನೇ. ನಾಗಚಂದ್ರನಲ್ಲಂತೂ ಇದು ಇನ್ನೂ ಸ್ಪಷ್ಟ. ನಾನು ಮಗಳಿಗೆ ಹೇಳಿದ್ದೂ ಇಷ್ಟೇ: ಯಾರೇ ಆಗಲಿ ಬದಲಾಗಬಹುದು, ಅದನ್ನು ನಂಬು. ಆದರೆ ನಿನಗಾಗಿ ಬದಲಾಗುತ್ತೇನೆ ಎನ್ನುವವನಿಗಿಂತ, ನೀನು ಸಿಗುವುದಿಲ್ಲ ಎಂದು ತಿಳಿದ ಮೇಲೂ ಬದಲಾಗುವವನನ್ನು ನಂಬು. ಅವಳು ಪೂರ್ತಿ ಒಪ್ಪಿದಳೆಂದು ಹೇಳಲಾರೆ. ಪಂಪ ರಾಮಾಯಣದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಡು ಎಂದಳು, ಅದೇ ದೊಡ್ಡದು.

ನಮ್ಮ ಮಕ್ಕಳು ಇಲ್ಲಿನ ಪಿಶಾಚಿಗಳ ಕಥೆ ಓದುವುದನ್ನು ತಡೆಯಬೇಕಾಗಿಲ್ಲ. ಕೆಟ್ಟವನಿಗೂ ದಾರಿಯಿದೆ ಎಂಬ ನಂಬಿಕೆಯನ್ನು ಅವು ತಮ್ಮ ರೀತಿಯಲ್ಲಿ ಕಲಿಸುತ್ತಿವೆ. ಆ ದಾರಿ ಎಷ್ಟು ಉದ್ದ, ಅದರಲ್ಲಿ ಒಂದು ದಿನ ತಡಮಾಡಿದರೆ ಏನಾಗುತ್ತದೆ ಎಂಬುದನ್ನು ಹೇಳುವ ಪುಸ್ತಕಗಳು ನಮ್ಮ ಕಪಾಟಿನಲ್ಲಿವೆ. ಅವು ಹಳಗನ್ನಡದಲ್ಲಿವೆ, ಮಹಾಛಂದಸ್ಸಿನಲ್ಲಿವೆ, ಕಷ್ಟ ನಿಜ. ನಮ್ಮ ಬಳಗದ ಮುಂದಿನ ಕೆಲವು ಸೇರಿಕೆಗಳಲ್ಲಿ ನಾಗಚಂದ್ರನ ಆ ಒಂದು ಪ್ರಸಂಗವನ್ನೂ ಕುವೆಂಪು ಅವರ ಆ ಒಂದು ಸಂಚಿಕೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು, ಮಕ್ಕಳನ್ನೂ ಕೂರಿಸಿಕೊಂಡು ಓದಿದರೆ ಹೇಗೆ? ಅರ್ಥ ಹೇಳುವ ಭಾರ ದೊಡ್ಡವರದು, ಪ್ರಶ್ನೆ ಕೇಳುವ ಹಕ್ಕು ಮಕ್ಕಳದು. ನೀವೇನಂತೀರಿ?